ಮುರಿದು ಬಂದ ಫಿಗರ್‌ಗೆ ಹೊಸ ಕೈ: ಅಚ್ಚು, ಎರಕ, ಕೀಲು, ಬಣ್ಣ

ಸಂಗ್ರಹಕ್ಕೆಂದು ಕೊಂಡ ದುಬಾರಿ ಗೊಂಬೆಯ, ಅಂದರೆ ಫಿಗರ್‌ನ ಪೆಟ್ಟಿಗೆ ತೆಗೆದಾಗ ಮಣಿಕಟ್ಟು ಮುರಿದಿದ್ದರೆ ಕೈ ತಾನಾಗಿ ಫೆವಿಕ್ವಿಕ್ ಟ್ಯೂಬಿನ ಕಡೆ ಹೋಗುತ್ತದೆ. ಆ ಟ್ಯೂಬು ಅಲ್ಲೇ ಇರಲಿ. ಮೊದಲು ಪೆಟ್ಟಿಗೆಯ ನಾಲ್ಕೂ ಮಗ್ಗಲು, ಕೊರಿಯರ್ ಚೀಟಿ, ಥರ್ಮೋಕೋಲ್ ಒಳಗೆ ಭಾಗ ಕೂತಿದ್ದ ಜಾಗ, ಮುರಿದ ಎರಡೂ ತುದಿ, ಎಲ್ಲದರ ಫೋಟೋ ತೆಗೆದು ಮಾರಿದವರಿಗೆ ಕಳಿಸಿ. ಒಮ್ಮೆ ಅಂಟು ಬಿದ್ದರೆ ಬದಲಿ ಭಾಗ ಕೇಳುವ ಹಕ್ಕು ಬಹುಮಟ್ಟಿಗೆ ಹೋದಂತೆಯೇ. "ಸ್ಪೇರ್ ಇಲ್ಲ" ಎಂಬ ಉತ್ತರ ಬಂದ ಮೇಲೆ ಇಲ್ಲಿಂದ ಮುಂದೆ ಓದಿ.

ಫಿಗರ್ ಯಾವ ಮಾಲಿನದು ಎಂದು ಗುರುತಿಸುವುದು ಮೊದಲ ಕೆಲಸ. ಉಗುರಿನಿಂದ ಬಡಿದರೆ ಪಿಂಗಾಣಿಯಂತೆ ಟಣ್ ಎಂದು ಸದ್ದಾಗಿ, ಮುರಿದ ಜಾಗ ಸುಣ್ಣದ ಹಾಗೆ ಬೆಳ್ಳಗೆ ಪುಡಿಪುಡಿಯಾಗಿ ಕಂಡರೆ ಅದು ಪಾಲಿಸ್ಟೋನ್: ಪಾಲಿಯುರೆಥೇನ್ ರೆಸಿನ್‌ಗೆ ಕಲ್ಲಿನ ಪುಡಿ ಬೆರೆಸಿದ್ದು. ನಾಲ್ಕನೇ ಒಂದು ಅಳತೆಯ ದೊಡ್ಡ ಸ್ಟ್ಯಾಚ್ಯೂಗಳು ಹೆಚ್ಚಾಗಿ ಇದರವು. ಬಿಸಿ ಗಾಳಿ ತಾಗಿಸಿದರೆ ಬಾಗುವುದು ಪಿವಿಸಿ ಪ್ಲಾಸ್ಟಿಕ್. ಬಾಗದೆ ಗಟ್ಟಿಯಾಗಿ, ಹಗುರಾಗಿ ಇರುವುದು ಎಬಿಎಸ್ ಎಂಬ ಇನ್ನೊಂದು ಪ್ಲಾಸ್ಟಿಕ್. ಪಿವಿಸಿ ಫಿಗರ್‌ಗಳಲ್ಲೂ ಗೂಟ (ಒಂದು ಭಾಗದ ಕುಣಿಗೆ ಇನ್ನೊಂದನ್ನು ಕೂಡಿಸುವ ಕಡ್ಡಿ) ಮತ್ತು ಪೀಠ ಸಾಮಾನ್ಯವಾಗಿ ಎಬಿಎಸ್‌ನವು. ಅಂಟು, ಗೂಟ, ಬಣ್ಣ ಮೂರೂ ಇದರ ಮೇಲೆಯೇ ನಿಂತಿವೆ. ನೇಲ್‌ಪಾಲಿಶ್ ತೆಗೆಯುವ ಅಸಿಟೋನ್‌ನಿಂದ ಒರೆಸಿ ನೋಡುವುದು ಬೇಡ, ಅದು ಎಬಿಎಸ್ಸನ್ನೇ ಕರಗಿಸುತ್ತದೆ, ಬಣ್ಣವನ್ನಂತೂ ಬಿಡುವುದೇ ಇಲ್ಲ.

ಎಲ್ಲ ದೋಷಕ್ಕೂ ಹೊಸ ಭಾಗ ಬೇಕಿಲ್ಲ. ಬಾಗಿದ ಪಿವಿಸಿ ಕತ್ತಿಯನ್ನು 70–80 ಡಿಗ್ರಿ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ನೇರ ಮಾಡಿ, ಹಿಡಿದಂತೆಯೇ ತಣ್ಣೀರಿಗೆ ಇಳಿಸಿದರೆ ಸಾಕು. ಮ್ಯಾಗ್ನೆಟ್ ಉಲ್ಟಾ ಕೂತು ಕೈ ದೂಡಿಕೊಳ್ಳುತ್ತಿದ್ದರೆ ಮ್ಯಾಗ್ನೆಟ್ ಕಿತ್ತು ತಿರುಗಿಸಿ, ಅಷ್ಟೆ. ಹೊಸದಾಗಿ ಮಾಡಬೇಕಾದದ್ದು ಕಳೆದುಹೋದ ಭಾಗ, ಚೂರಾದ ಭಾಗ, ಮತ್ತು ಮುರಿದ ಗೂಟ.

ನೋಟ ಆಮೇಲೆ, ಕೂಡುವ ಮುಖ ಮೊದಲು

ಹೊಸಬರು ಬೆರಳಿನ ಉಗುರು, ನರ ಕೆತ್ತುವುದರಲ್ಲಿ ಎರಡು ವಾರ ಕಳೆದು, ಕೊನೆಗೆ ಕೈ ತೋಳಿಗೆ ಕೂಡುವಲ್ಲಿ ಒಂದು ಮಿಲಿಮೀಟರ್ ಸಂದು ಬಿಟ್ಟುಕೊಳ್ಳುತ್ತಾರೆ. ಉಗುರು ಸ್ವಲ್ಪ ಹೆಚ್ಚುಕಡಿಮೆಯಾದರೆ ಯಾರಿಗೂ ಕಾಣದು, ಸಂದು ಮಾತ್ರ ಕೋಣೆಯ ಆಚೆ ತುದಿಯಿಂದಲೂ ಕಾಣುತ್ತದೆ. ಆದ್ದರಿಂದ ಕೆಲಸ ಕೀಲಿನಿಂದಲೇ ಶುರುವಾಗಲಿ. ಡಿಜಿಟಲ್ ವರ್ನಿಯರ್ ತಗೊಂಡು ಗೂಟದ ದಪ್ಪವನ್ನು ಬುಡದಲ್ಲೂ ತುದಿಯಲ್ಲೂ ಅಳೆಯಿರಿ. ಬಹಳಷ್ಟು ಗೂಟಗಳು ತುದಿಯತ್ತ ಸ್ವಲ್ಪ ಸಣ್ಣಗಾಗುತ್ತವೆ, ಒಂದೇ ಅಳತೆ ಹಿಡಿದರೆ ಅರ್ಧಕ್ಕೇ ಸಿಕ್ಕಿಹಾಕಿಕೊಳ್ಳುತ್ತದೆ. ಕುಣಿಯ ಆಳವನ್ನು ವರ್ನಿಯರ್‌ನ ಹಿಂದಿನ ಕಡ್ಡಿಯಿಂದ ತೆಗೆಯಿರಿ. ಗೂಟ ಕುಣಿಗಿಂತ 0.1ರಿಂದ 0.2 ಮಿಲಿಮೀಟರ್ ಸಣ್ಣದಿರಬೇಕು, ಬಣ್ಣದ ಪದರವೂ ಜಾಗ ತಿನ್ನುತ್ತದೆ.

ಅಚ್ಚು ಯಾವುದರಿಂದ ತೆಗೆಯುವುದು? ಅದೇ ಫಿಗರ್ ಇರುವ ಗೆಳೆಯರು ಒಂದು ದಿನಕ್ಕೆ ಭಾಗ ಕೊಟ್ಟರೆ ಅದೇ ಎಲ್ಲಕ್ಕಿಂತ ಚೊಲೋ. ಮುರಿದ ಚೂರುಗಳೆಲ್ಲ ಸಿಕ್ಕಿದ್ದರೆ ಜೋಡಿಸಿ, ಸಂದಿಗೆ ಎಪಾಕ್ಸಿ ಪುಟ್ಟಿ ತುಂಬಿ, 400, 800 ನಂಬರಿನ ವಾಟರ್ ಪೇಪರ್ ಹೊಡೆದು ಮೂಲ ಮಾಡಿಕೊಳ್ಳಬಹುದು. ಎಂ-ಸೀಲ್‌ನ ಕಣ ಸ್ವಲ್ಪ ದಪ್ಪ, ಒಳಗಿನ ತುಂಬುವಿಕೆಗೆ ನಡೆಯುತ್ತದೆ. ಮೇಲ್ಮೈಗೆ ಮಿಲಿಪುಟ್‌ನಂಥ ನಯವಾದದ್ದು ಬೇಕು. ಒಂದು ಮಾತು ನೆನಪಿರಲಿ: ಎಡಗೈಯ ಅಚ್ಚಿನಿಂದ ಎಡಗೈಯೇ ಬರುತ್ತದೆ. ಬಲಗೈ ಬೇಕಾದರೆ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಕನ್ನಡಿಯಂತೆ ತಿರುಗಿಸಿ ರೆಸಿನ್ ಪ್ರಿಂಟರ್‌ನಲ್ಲಿ 0.05 ಮಿಲಿಮೀಟರ್ ಪದರದಲ್ಲಿ ತೆಗೆಸಬೇಕು, ಇಲ್ಲವೇ ಪುಟ್ಟಿಯಲ್ಲಿ ಕೆತ್ತಬೇಕು. ಮೂರು ಸೆಂಟಿಮೀಟರ್ ಕೈಯನ್ನು ಮೊಬೈಲ್ ಫೋಟೋಗಳಿಂದ ಸ್ಕ್ಯಾನ್ ಮಾಡಿದರೆ ಬೆರಳುಗಳ ನಡುವಿನ ಸಂದು ಮುಚ್ಚಿಕೊಂಡು ಕೈಗವಸಿನಂತೆ ಬರುತ್ತದೆ.

ಎರಡು ಹೋಳಿನ ಅಚ್ಚು

ಬಕಲ್, ಪದಕ, ಚಪ್ಪಟೆ ಅಲಂಕಾರದಂಥ ಸಣ್ಣ ಭಾಗಕ್ಕೆ ಹಲ್ಲಿನ ಡಾಕ್ಟರರು ಅಳತೆ ತೆಗೆಯುವ ಸಿಲಿಕೋನ್ ಪುಟ್ಟಿ ಸಾಕು. ಧಾರವಾಡದ ಸತ್ತೂರಿನಲ್ಲಿ ಡೆಂಟಲ್ ಕಾಲೇಜೇ ಇರುವ ಊರು ನಮ್ಮದು, ಡೆಂಟಲ್ ಸಾಮಾನಿನ ಅಂಗಡಿಯಲ್ಲಿ ವಿಚಾರಿಸಿ. ಎರಡು ಡಬ್ಬಿಯ ಪುಟ್ಟಿಯಾದರೆ ಸಮಸಮ ತೆಗೆದು ಅರ್ಧ ನಿಮಿಷ ಬಣ್ಣ ಒಂದಾಗುವವರೆಗೆ ನಾದಿ ಒತ್ತಿದರೆ ಐದು ನಿಮಿಷದಲ್ಲಿ ಅಚ್ಚು. ಲೇಟೆಕ್ಸ್ ಕೈಗವಸು ಹಾಕಿ ನಾದಬೇಡಿ, ಅದರ ಗಂಧಕ ತಾಗಿದಲ್ಲಿ ಪುಟ್ಟಿ ಅಂಟಂಟಾಗಿಯೇ ಉಳಿಯುತ್ತದೆ. ನೈಟ್ರೈಲ್ ಗವಸು ಇರಲಿ. ಈ ಪುಟ್ಟಿ ಒಣಗಿದ ಮೇಲೆ ಬಿರುಸು. ಮಡಚಿದ ಬೆರಳುಗಳ ಕೈಗೆ ಇದನ್ನು ಬಳಸಿದರೆ ಬಿಡಿಸುವಾಗ ಮೂಲವೇ ಮುರಿಯುತ್ತದೆ.

ಕೈಗೆ ಬೇಕಾದದ್ದು ಸುರಿಯುವ ಆರ್‌ಟಿವಿ ಸಿಲಿಕೋನ್ (ಕೋಣೆಯ ಬಿಸಿಯಲ್ಲೇ ಗಟ್ಟಿಯಾಗುವಂಥದು), ರಬ್ಬರಿನ ಗಡಸುತನ ಅಳೆಯುವ ಶೋರ್ ಎ ಮಾಪಕದಲ್ಲಿ 20ರಿಂದ 30ರ ಮೆತುವಿನದು. ಸಿಲಿಕೋನನ್ನು ಗಟ್ಟಿ ಮಾಡುವ ದ್ರವವೇ ಕ್ಯಾಟಲಿಸ್ಟ್. ತವರದ ಕ್ಯಾಟಲಿಸ್ಟ್‌ನದು ಅಗ್ಗ, ಹಟ ಮಾಡುವುದಿಲ್ಲ, ಆದರೆ ದಿನ ಕಳೆದಂತೆ ಸ್ವಲ್ಪ ಕುಗ್ಗುತ್ತದೆ. ಪ್ಲಾಟಿನಮ್‌ನದು ಕುಗ್ಗುವುದು ತೀರ ಕಡಿಮೆ, ಆದರೆ ಗಂಧಕದ ಕ್ಲೇ, ಲೇಟೆಕ್ಸ್, ಪೂರ್ತಿ ಕ್ಯೂರ್ ಆಗದ ಪ್ರಿಂಟರ್ ರೆಸಿನ್ ತಾಗಿದರೆ ಗಟ್ಟಿಯಾಗುವುದಿಲ್ಲ. ಪ್ರಿಂಟ್ ಮಾಡಿದ ಮೂಲಕ್ಕೆ ತವರದ್ದೇ ನೆಮ್ಮದಿ.

ಐದು ಸೆಂಟಿಮೀಟರ್ ಉದ್ದದ ಒಂದು ಕೈ ಇದೆ ಎಂದಿಟ್ಟುಕೊಳ್ಳಿ. ಸುತ್ತ ಒಂದು ಸೆಂಟಿಮೀಟರ್ ಗೋಡೆ ಬಿಟ್ಟು 7×5×4 ಸೆಂಟಿಮೀಟರ್ ಪೆಟ್ಟಿಗೆಯನ್ನು ಮಕ್ಕಳ ಲೆಗೋ ಅಥವಾ ಫೋಮ್ ಶೀಟಿನಿಂದ ಕಟ್ಟಿ. ಅದು 140 ಮಿಲಿಲೀಟರ್. ಕೈ 15 ಮಿಲಿಲೀಟರ್ ಜಾಗ ತಿಂದರೆ ಉಳಿದದ್ದು 125. ಸಿಲಿಕೋನ್ ನೀರಿಗಿಂತ ತುಸು ಭಾರ, 1.1ರಿಂದ ಗುಣಿಸಿದರೆ ಸುಮಾರು 140 ಗ್ರಾಂ. ಅಚ್ಚಿನ ಪ್ರತಿ ಹೋಳಿಗೆ 70, ಬಟ್ಟಲಿಗೆ ಅಂಟಿ ಹೋಗುವುದಕ್ಕೆಂದು 75 ತೂಗಿ. ಡಬ್ಬಿಯ ಮೇಲೆ ಕ್ಯಾಟಲಿಸ್ಟ್ ಶೇಕಡಾ 3 ಎಂದಿದ್ದರೆ 2.25 ಗ್ರಾಂ. ಬೇಗ ಆಗಲಿ ಎಂದು ಎರಡು ಪಾಲು ಹಾಕಿದರೆ ಅಚ್ಚು ಹಪ್ಪಳದಂತೆ ಹರಿಯುತ್ತದೆ.

ಗಂಧಕವಿಲ್ಲದ ಕ್ಲೇಯಲ್ಲಿ ಕೈಯನ್ನು ಅರ್ಧದವರೆಗೆ ಹೂತು, ಜೋಡಣೆ ಗೆರೆ ಬೆರಳಿನ ಪಕ್ಕದಲ್ಲಿ ಹಾದುಹೋಗುವಂತೆ ನೋಡಿ. ಮುಂಗೈ ನಡುವೆ ಗೆರೆ ಬಂದರೆ ಆಮೇಲೆ ಉಜ್ಜಿ ತೆಗೆಯುವಾಗ ಚರ್ಮದ ಕೆತ್ತನೆಯೂ ಹೋಗುತ್ತದೆ. ಕ್ಲೇ ಮೇಲೆ ಪೆನ್ನಿನ ಹಿಂಬದಿಯಿಂದ ನಾಲ್ಕು ಗುಳಿ ಒತ್ತಿ. ಎರಡು ಹೋಳು ಸರಿಯಾಗಿ ಕೂಡಲು ಇವೇ ಆಧಾರ. ಕಲಸಿದ ಸಿಲಿಕೋನ್‌ನಲ್ಲಿ ಸ್ವಲ್ಪವನ್ನು ಬ್ರಶ್‌ನಿಂದ ಬೆರಳ ಸಂದಿಗೆ ಸವರಿ, ಉಳಿದದ್ದನ್ನು ಒಂದು ಅಡಿ ಮೇಲಿಂದ ದಾರದಂಥ ಧಾರೆಯಾಗಿ ಪೆಟ್ಟಿಗೆಯ ಒಂದು ಮೂಲೆಗೆ ಸುರಿಯಿರಿ. ಧಾರೆ ಎಳೆದಂತೆ ಗುಳ್ಳೆ ಒಡೆಯುತ್ತದೆ. ಗಟ್ಟಿಯಾದ ಮೇಲೆ ತಿರುಗಿಸಿ, ಕ್ಲೇ ತೆಗೆದು, ಸಿಲಿಕೋನ್ ಮುಖಕ್ಕೆಲ್ಲ ವ್ಯಾಸಲೀನನ್ನು ತೆಳ್ಳಗೆ ಬ್ರಶ್‌ನಿಂದ ಸವರಿ ಎರಡನೇ ಹೋಳು ಸುರಿಯಿರಿ. ವ್ಯಾಸಲೀನ್ ಮರೆತರೆ ಸಿಲಿಕೋನ್ ಸಿಲಿಕೋನನ್ನೇ ಹಿಡಿದು ಒಂದೇ ಇಟ್ಟಿಗೆಯಾಗುತ್ತದೆ, ಒಳಗಿನ ಕೈಯನ್ನು ಬ್ಲೇಡಿನಿಂದ ಕೊಯ್ದು ತೆಗೆಯಬೇಕು. ಸುರಿಯುವ ಬಾಯಿ ಮಣಿಕಟ್ಟಿನ ಕಡೆ ಇರಲಿ. ಪ್ರತಿ ಬೆರಳ ತುದಿಯಿಂದ ಮೇಲಕ್ಕೆ ಟೂತ್‌ಪಿಕ್ ದಪ್ಪದ ಗಾಳಿ ದಾರಿ ಬೇಕು, ಇಲ್ಲದಿದ್ದರೆ ಬೆರಳು ಮೊಂಡಾಗಿಯೇ ಬರುತ್ತದೆ.

ಎರಕ, ಮತ್ತು ನಮ್ಮ ಮಳೆಗಾಲ

ಎರಡು ದ್ರವಗಳನ್ನು ಸಮಸಮ ಬೆರೆಸುವ, ಅಂದರೆ ಒಂದಕ್ಕೊಂದು ಪ್ರಮಾಣದ, ಮೂರರಿಂದ ಐದು ನಿಮಿಷ ಕೆಲಸದ ಅವಧಿಯ ಪಾಲಿಯುರೆಥೇನ್ ರೆಸಿನ್ ಈ ಕೆಲಸಕ್ಕೆ ಸರಿ. ಪ್ರಮಾಣ ತೂಕದ್ದೋ ಗಾತ್ರದ್ದೋ ಎಂದು ಡಬ್ಬಿಯ ಮೇಲೆ ನೋಡಿ, ಎರಡೂ ಒಂದೇ ಅಲ್ಲ. ಎಷ್ಟು ಬೇಕೆಂದು ತಿಳಿಯಲು ಅಚ್ಚಿಗೆ ನೀರು ಹಾಕಿ ಅಳೆಯುವ ಚಾಳಿ ಕೆಲವರಿಗಿದೆ, ಅದು ತಪ್ಪು. ಮೂಲ ಭಾಗವನ್ನೇ ಅಳತೆಯ ಲೋಟದ ನೀರಿನಲ್ಲಿ ಮುಳುಗಿಸಿ ಏರಿದ್ದನ್ನು ನೋಡಿ. 15 ಮಿಲಿಲೀಟರ್ ಏರಿದರೆ ಹೆಚ್ಚುಕಡಿಮೆ 16 ಗ್ರಾಂ, ಸುರಿಯುವ ಬಾಯಿಯ ಲೆಕ್ಕ ಸೇರಿಸಿ 22 ಗ್ರಾಂ ಕಲಸಿ. ಭಾಗ ಎಷ್ಟೇ ಸಣ್ಣದಿರಲಿ, 10 ಗ್ರಾಂಗಿಂತ ಕಡಿಮೆ ಕಲಸಬೇಡಿ. ಎರಡೆರಡು ಗ್ರಾಂ ತೂಗುವಾಗ ನಾಲ್ಕು ಹನಿ ಹೆಚ್ಚಾದರೂ ಪ್ರಮಾಣ ಶೇಕಡಾ ಹತ್ತರ ಹತ್ತಿರ ತಪ್ಪುತ್ತದೆ, ಎರಕ ರಬ್ಬರಿನಂತೆ ಉಳಿಯುತ್ತದೆ. ಬಂಗಾರ ತೂಗುವ 0.01 ಗ್ರಾಂನ ಸಣ್ಣ ತಕ್ಕಡಿ ಇದಕ್ಕೆ ಬೇಕೇಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಈ ರೆಸಿನ್ ಕೈಕೊಡುತ್ತದೆ. ಅದರ ಎರಡು ದ್ರವಗಳಲ್ಲಿ ಒಂದಾದ ಐಸೊಸೈನೇಟ್ ಗಾಳಿಯ ತೇವ ಹೀರಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಎರಕ ದೋಸೆ ಹಿಟ್ಟಿನಂತೆ ಉಬ್ಬಿ ಒಳಗೆಲ್ಲ ತೂತು. ಕಾಗದದ ಕಪ್ಪು, ಕಟ್ಟಿಗೆಯ ಕಡ್ಡಿ ತೇವ ಹಿಡಿದಿರುತ್ತವೆ. ಪ್ಲಾಸ್ಟಿಕ್ ಕಪ್ಪು, ಸ್ಟೀಲ್ ಚಮಚ ಇರಲಿ. ಅಚ್ಚನ್ನು ಹೇರ್ ಡ್ರೈಯರ್‌ನಿಂದ ಉಗುರುಬೆಚ್ಚಗೆ ಮಾಡಿ. ಬಾಟಲಿ ಬಳಸಿದ ಕೂಡಲೇ ಮುಚ್ಚಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ಬಣ್ಣ ಬೆರೆಸುವುದಾದರೆ ರೆಸಿನ್‌ಗೆಂದೇ ಬರುವ ಬಣ್ಣ ಹಾಕಿ; ನೀರಿನ ಅಕ್ರಿಲಿಕ್ ಒಂದು ಹನಿ ಬಿದ್ದರೂ ಮತ್ತೆ ಅದೇ ನೊರೆ. ಏಪ್ರಿಲ್–ಮೇನಲ್ಲಿ ತೊಂದರೆ ಬೇರೆ: ಮಧ್ಯಾಹ್ನದ ಸೆಕೆಯಲ್ಲಿ ಐದು ನಿಮಿಷದ ರೆಸಿನ್ ಮೂರಕ್ಕೇ ಗಟ್ಟಿಯಾಗುತ್ತದೆ, ಬೆಳಗಿನ ಏಳಕ್ಕೆ ಕೆಲಸ ಮುಗಿಸಿ.

ಅಚ್ಚಿನೊಳಗೆ ಟಾಲ್ಕಂ ಪೌಡರ್ ಉದುರಿಸಿ ಬಡಿದು ಝಾಡಿಸಿ, ಆ ತೆಳು ಪದರದ ಮೇಲೆ ರೆಸಿನ್ ಬೆರಳ ತುದಿಯವರೆಗೆ ಹರಿಯುತ್ತದೆ. ಎರಡು ಹೋಳನ್ನು ಎರಡು ರಟ್ಟಿನ ನಡುವೆ ಇಟ್ಟು ರಬ್ಬರ್ ಬ್ಯಾಂಡ್ ಹಾಕಿ. ಬಿಗಿ ಹೆಚ್ಚಾದರೆ ಸಿಲಿಕೋನ್ ಅದುಮಿ ಕೈ ಚಪ್ಪಟೆ, ಕಡಿಮೆಯಾದರೆ ಗೆರೆ ದಪ್ಪ. ಹುಯ್ದು, ಅಚ್ಚನ್ನು ಎರಡೂ ಬದಿ ಓರೆ ಮಾಡಿ ತಟ್ಟಿ. ಗುಳ್ಳೆ ತೆಗೆಯಲು ಒತ್ತಡದ ಪಾತ್ರೆ ಬೇಕೆನಿಸಿದರೆ ಅದಕ್ಕೆಂದೇ ಮಾಡಿದ ಪ್ರೆಶರ್ ಪಾಟ್ ಕೊಳ್ಳಿ. ಅಡುಗೆ ಕುಕ್ಕರಿಗೆ ಕಂಪ್ರೆಸರ್ ಜೋಡಿಸುವ ಜುಗಾಡ್ ಮಾತ್ರ ಖಂಡಿತ ಬೇಡ, ಸಿಡಿದರೆ ಕೈಯೇ ಹೋಗುತ್ತದೆ. ಕಿಟಕಿ ತೆರೆದಿರಲಿ, ಸಾವಯವ ಆವಿ ತಡೆಯುವ ಫಿಲ್ಟರ್ ಮಾಸ್ಕ್ ಇರಲಿ, ಅಡುಗೆಮನೆಯಲ್ಲಿ ಈ ಕೆಲಸ ಬೇಡ. ತೆಳ್ಳನೆಯ ಭಾಗ ಅರ್ಧ ಗಂಟೆಯಾದರೂ ಮೆತ್ತಗಿದ್ದರೆ ಗಾಬರಿ ಬೇಡ, ಸಣ್ಣ ಎರಕಕ್ಕೆ ತನ್ನದೇ ಬಿಸಿ ಸಾಲುವುದಿಲ್ಲ. ಅಚ್ಚಿನಲ್ಲೇ ಬಿಟ್ಟು ಬೆಚ್ಚಗಿಡಿ.

ಗೂಟ

ಎರಕದ ಗೂಟವನ್ನು ನಂಬಬೇಡಿ. ಪಾಲಿಯುರೆಥೇನ್ ನೋಡಲು ಗಟ್ಟಿ, ತಿರುಚಿದರೆ ಲಟಕ್. ಪಾಲಿಸ್ಟೋನ್ ಕೈಗೆ 2 ಮಿಲಿಮೀಟರ್ ಹಿತ್ತಾಳೆ ಸರಳು, ಸಿಗದಿದ್ದರೆ ಸೈಕಲ್ ರಿಪೇರಿ ಅಂಗಡಿಯ ಹಳೇ ಸ್ಪೋಕ್. ಸಾಮಾನ್ಯ ಸ್ಪೋಕ್ ಕೂಡ 2 ಮಿಲಿಮೀಟರಿನದೇ. ಮೊದಲು 1 ಮಿಲಿಮೀಟರಿನ ಡ್ರಿಲ್ ಬಿಟ್, ಆಮೇಲೆ 2.1ರದು, ಕೈ ಡ್ರಿಲ್‌ನಿಂದ ನಿಧಾನವಾಗಿ, ಎರಡೂ ಕಡೆ 8ರಿಂದ 10 ಮಿಲಿಮೀಟರ್ ಆಳ. ಎದುರು ಕುಣಿಯ ಜಾಗ ಹಿಡಿಯುವ ಉಪಾಯ: ಒಂದು ಕಡೆಯ ತೂತಿನ ಅಂಚಿನ ಸುತ್ತ ಒದ್ದೆ ಬಣ್ಣ ಹಚ್ಚಿ ಎರಡನ್ನೂ ಒತ್ತಿ, ಅಚ್ಚೊತ್ತಿದ ಉಂಗುರದ ನಡುವೆ ಕೊರೆಯಿರಿ. ಅಂಟಿಗೆ ನಿಧಾನವಾಗಿ ಹಿಡಿಯುವ ಅರಾಲ್ಡೈಟ್ ಎಪಾಕ್ಸಿ. ಸರಳನ್ನು ಅರದಿಂದ ಗೀಚಿ ಒರಟು ಮಾಡಿ, ನುಣುಪು ಲೋಹವನ್ನು ಎಪಾಕ್ಸಿ ಹಿಡಿಯುವುದಿಲ್ಲ.

ಆರನೇ ಒಂದು ಅಳತೆಯ ಆಕ್ಷನ್ ಫಿಗರ್‌ಗಳ ಮಣಿಕಟ್ಟಿನ ಗೂಟ ತಿರುಗಬೇಕು, ಅಂಟಿಸುವಂತಿಲ್ಲ. ಒಳಗೆ ಮುರಿದುಳಿದ ತುಂಡಿಗೆ 1 ಮಿಲಿಮೀಟರ್ ತೂತು ಹಾಕಿ, ಕನ್ನಡಕದ ಸ್ಕ್ರೂನಂಥ ಸಣ್ಣ ಸ್ಕ್ರೂ ತಿರುಗಿಸಿ, ಸುತ್ತಲಿನ ಪಿವಿಸಿಯನ್ನು ಹೇರ್ ಡ್ರೈಯರ್‌ನಿಂದ ಮೆತ್ತಗೆ ಮಾಡಿ ಎಳೆಯಿರಿ. ಹೊಸ ಗೂಟ ನೈಲಾನ್ ಅಥವಾ ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್‌ನದಾಗಲಿ. ಹುಬ್ಬಳ್ಳಿಯ ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇಥ್ ಇಟ್ಟವರಿಗೆ ಇದು ಹತ್ತು ನಿಮಿಷದ ಕೆಲಸ, ಆದರೆ ದೊಡ್ಡ ಜಾಬ್ ನಡುವೆ 6 ಮಿಲಿಮೀಟರಿನ ಒಂದೇ ತುಂಡಿಗೆ ಮಷೀನ್ ನಿಲ್ಲಿಸಿ ಎಂದರೆ ಯಾರಿಗೂ ಬೇಸರವೇ. ಮಿಲಿಮೀಟರಿನಲ್ಲಿ ಅಳತೆ ಬರೆದ ಚಿತ್ರ, ±0.05 ಎಂಬ ಸೂಚನೆ, ಐದಾರು ತುಂಡಿನ ಆರ್ಡರ್, ಊಟದ ಬಿಡುವಿನ ಸಮಯ, ಈ ನಾಲ್ಕೂ ಇದ್ದರೆ ಕೆಲಸ ಆಗುತ್ತದೆ. ಗೂಟ ಸಡಿಲಾದರೆ ಅದರ ಮೇಲೆ ಸೂಪರ್ ಗ್ಲೂ ತೆಳ್ಳಗೆ ಸವರಿ, ಪೂರ್ತಿ ಒಣಗಿಸಿ, ಆಮೇಲೆ ಕೂಡಿಸಿ. ಹಸಿ ಇರುವಾಗ ಕೂಡಿಸಿದರೆ ಕೀಲು ಕಾಯಂ ಅಂಟಿತು ಅಂತಲೇ.

ಮ್ಯಾಗ್ನೆಟ್ ಕೀಲಿದ್ದರೆ 5×3 ಮಿಲಿಮೀಟರಿನ ನಿಯೋಡಿಮಿಯಮ್ ತಂದು, ಫಿಗರ್‌ನ ಮ್ಯಾಗ್ನೆಟ್‌ಗೆ ಅಂಟಿಸಿ ನೋಡಿ, ಹೊರಮುಖಕ್ಕೆ ಪೆನ್ನಿನಿಂದ ಗುರುತು ಹಾಕಿಯೇ ಕೂರಿಸಿ. 80 ಡಿಗ್ರಿ ಮೀರಿ ಬಿಸಿ ಮಾಡಿದರೆ ಇದರ ಹಿಡಿತ ಕುಂದುತ್ತದೆ.

ಬಣ್ಣ

ಪಾತ್ರೆ ಸೋಪು, ಹಳೇ ಬ್ರಶ್‌ನಿಂದ ಉಜ್ಜಿ ತೊಳೆದು ವ್ಯಾಸಲೀನ್, ಪೌಡರ್ ತೆಗೆಯಿರಿ. ಜೋಡಣೆ ಗೆರೆ ಉಜ್ಜುವುದು ನೀರಿನಲ್ಲೇ, ಒಣ ಧೂಳು ಎದೆಗೆ ಒಳ್ಳೆಯದಲ್ಲ. ಮೇಲೆ ತೆಳು ಪ್ರೈಮರ್.

ಪಿವಿಸಿ ಮೇಲೆ ಎನಾಮಲ್ ಹಚ್ಚಬಾರದು. ಪಿವಿಸಿಯನ್ನು ಮೆತುವಾಗಿಡುವ ಪ್ಲಾಸ್ಟಿಸೈಜರ್ ಬಣ್ಣದೊಳಗೆ ಹತ್ತಿ, ತಿಂಗಳಾದರೂ ಬೆರಳಚ್ಚು ಬೀಳುವಷ್ಟು ಅಂಟಿರುತ್ತದೆ. ಅಕ್ರಿಲಿಕ್ ಇರಲಿ. ಬಣ್ಣ ಹೊಂದಿಸುವುದು ಟ್ಯೂಬ್‌ಲೈಟಿನ ಕೆಳಗೆ ಅಲ್ಲ, ಬೆಳಗಿನ ಹತ್ತು–ಹನ್ನೆರಡರ ನಡುವೆ ಬಿಸಿಲು ನೇರ ಬೀಳದ ಕಿಟಕಿಯ ಹತ್ತಿರ. ಕತ್ತರಿಸಿ ಉಳಿದ ರೆಸಿನ್ ತುಂಡಿಗೂ ಅದೇ ಪ್ರೈಮರ್ ಹೊಡೆದು, ಅದರ ಮೇಲೆ ಹಚ್ಚಿ, ಪೂರ್ತಿ ಒಣಗಲು ಬಿಟ್ಟು ಹೋಲಿಸಿ. ಅಕ್ರಿಲಿಕ್ ಒಣಗಿದ ಮೇಲೆ ಒಂದು ಛಾಯೆ ಕಪ್ಪಾಗುತ್ತದೆ. ಚರ್ಮ ಒಂದೇ ಬಣ್ಣದ್ದಲ್ಲ: ತಿಳಿ ತಳಬಣ್ಣ, ಗೆಣ್ಣು ಮತ್ತು ಬೆರಳ ತುದಿಗೆ ನೀರಾಗಿಸಿದ ಕೆಂಪು, ಸಂದಿಗೆ ಕಂದು, ಕೊನೆಗೆ ಮ್ಯಾಟ್ ವಾರ್ನಿಶ್. ಹಳೇ ಭಾಗದ ಹೊಳಪಿಗೆ ಹೊಸದರ ಹೊಳಪು ಹೊಂದದಿದ್ದರೆ ಬಣ್ಣ ಎಷ್ಟು ಸರಿಯಿದ್ದರೂ ತೇಪೆ ಹಾಕಿದಂತೆಯೇ ಕಾಣುತ್ತದೆ.

ಅರಾಲ್ಡೈಟ್ ಹಿಡಿಯುವ 24 ಗಂಟೆ ತೋಳನ್ನು ಕೈಯಲ್ಲಿ ಹಿಡಿದು ಕೂರಲಾಗದು. ಬಿಚ್ಚಿದ ತೋಳಾದರೆ ಅಕ್ಕಿ ಡಬ್ಬಿಯಲ್ಲಿ ಕೀಲು ಮೇಲೆ ಬರುವಂತೆ ಹೂತು ನಿಲ್ಲಿಸಿ, ಎಂಥ ಓರೆಗೂ ಅಕ್ಕಿ ಆಸರೆ ಕೊಡುತ್ತದೆ. ಆ ಅಕ್ಕಿಯನ್ನು ಮತ್ತೆ ಅಡುಗೆಗೆ ಬಳಸಬೇಡಿ. ಅಚ್ಚನ್ನು ಖಾಲಿ ಇಟ್ಟರೆ ಸೊಟ್ಟಗಾಗುತ್ತದೆ, ಗುಳ್ಳೆ ಬಿದ್ದು ಕೆಟ್ಟ ಒಂದು ಎರಕವನ್ನು ಒಳಗೇ ಇಟ್ಟು ರಬ್ಬರ್ ಬ್ಯಾಂಡ್ ಸಡಿಲವಾಗಿ ಹಾಕಿ. ಹೊರಗೆ ಫಿಗರ್ ಹೆಸರು, ರೆಸಿನ್ ಎಷ್ಟು ಗ್ರಾಂ, ಯಾವ ತಿಂಗಳು ಎಂದು ಮಾರ್ಕರ್‌ನಲ್ಲಿ ಬರೆದಿಡಿ.