ತೂಬಿನ ಕೀಲಿ ಹಿಡಿದ ಖಳ: ರೋಲ್‌ಪ್ಲೇಯಿಂಗ್ ಆಟಕ್ಕೆ ಪಾತ್ರ ಕಟ್ಟಿದ ನನ್ನ ಅನುಭವ

ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸಿ, ದಾಳ ಉರುಳಿಸುತ್ತ ಕತೆ ಕಟ್ಟುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೆಯ ಆವೃತ್ತಿಯಲ್ಲಿ ಕಾಳಗದ ಒಂದು ಸುತ್ತೆಂದರೆ ಕತೆಯೊಳಗಿನ ಕಾಲದಲ್ಲಿ 6 ಸೆಕೆಂಡು. ನಾಲ್ಕೈದು ಆಟಗಾರರು ಒಬ್ಬನೇ ಖಳನ ಮೇಲೆ ಮುಗಿಬಿದ್ದರೆ ಅವನು ನಾಲ್ಕು ಸುತ್ತು ನಿಂತರೆ ಹೆಚ್ಚು. ಅಂದರೆ 24 ಸೆಕೆಂಡು. ಕಾಳಗದ ಹೊತ್ತಿಗೇ ಮೊದಲ ಬಾರಿ ಕಾಣಿಸಿಕೊಳ್ಳುವ ಖಳನಿಗೆ ಆಟಗಾರರ ಮುಂದೆ ಬದುಕಲು ಸಿಗುವ ಆಯಸ್ಸು ಅಷ್ಟೇ. ಅವನ ಬಾಲ್ಯ, ಅವನಿಗಾದ ದ್ರೋಹ, ಅವನು ಕಳೆದುಕೊಂಡ ತಮ್ಮ, ಇವುಗಳ ಬಗ್ಗೆ ಗೇಮ್ ಮಾಸ್ಟರ್, ಅಂದರೆ ಆಟ ನಡೆಸುತ್ತ ಖಳನ ಪಾತ್ರವನ್ನೂ ವಹಿಸುವವನು, ರಾತ್ರಿಯೆಲ್ಲ ಕುಳಿತು ಬರೆದ ಪುಟಗಳು ಅವನೊಂದಿಗೇ ಮಣ್ಣಾಗುತ್ತವೆ. ಬೆಂಗಳೂರಿನಲ್ಲಿ ಗೆಳೆಯರ ಗುಂಪಿಗೆ ಹಲವು ವರ್ಷಗಳಿಂದ ಆಟ ನಡೆಸುತ್ತಿರುವ ನಾನು ಖಳನನ್ನು ಕಟ್ಟಲು ಕುಳಿತಾಗ ಈ ಲೆಕ್ಕವನ್ನೇ ಮೊದಲು ಎದುರಿಗಿಟ್ಟುಕೊಳ್ಳುತ್ತೇನೆ. ಮೇಜಿನ ಮೇಲೆ ಬಾರದ ಹಿನ್ನೆಲೆ, ಎಷ್ಟೇ ಚೆನ್ನಾಗಿ ಬರೆದಿದ್ದರೂ, ಇಲ್ಲದ್ದಕ್ಕೆ ಸಮ.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು ಅಮೆರಿಕದಲ್ಲಿ ಹೊರತಂದಾಗ ಪಾತ್ರಗಳಿಗೆ ಇದ್ದದ್ದು ಲಾ (ಕಟ್ಟಳೆ), ನ್ಯೂಟ್ರಾಲಿಟಿ (ತಟಸ್ಥತೆ), ಕೇಯಾಸ್ (ಅರಾಜಕತೆ) ಎಂಬ ಮೂರೇ ಪಕ್ಷಗಳು. ಒಳಿತು ಕೆಡುಕುಗಳ ಇನ್ನೊಂದು ಅಕ್ಷ ಆಮೇಲೆ ಸೇರಿ, 1978ರ ಅಡ್ವಾನ್ಸ್ಡ್ ಆವೃತ್ತಿಯ ಆಟಗಾರರ ಕೈಪಿಡಿಯ ಹೊತ್ತಿಗೆ ಅದು ಒಂಬತ್ತು ಮನೆಗಳ ಕೋಷ್ಟಕವಾಯಿತು. ರಾಕ್ಷಸನ ಸಾಮರ್ಥ್ಯ ನಮೂದಿಸುವಾಗ ಈ ಕೋಷ್ಟಕ ಉಪಯುಕ್ತವೇ. ಆದರೆ 'ಲಾಫುಲ್ ಈವಿಲ್' (ಕಟ್ಟಳೆಗೆ ಬದ್ಧನಾದ ಕೆಡುಕ) ಎಂದು ಬರೆದ ಮಾತ್ರಕ್ಕೆ ಈ ಮನುಷ್ಯ ನಾಳೆ ಬೆಳಗ್ಗೆ ಎದ್ದು ಏನು ಮಾಡುತ್ತಾನೆ ಎಂಬುದು ತಿಳಿಯುವುದಿಲ್ಲ, ಮತ್ತು ಆಟ ನಡೆಸುವವನಿಗೆ ಪ್ರತಿ ಸೆಷನ್ನಿಗೂ, ಅಂದರೆ ಆಟಕ್ಕೆ ಕೂತ ಪ್ರತಿ ಸಲವೂ, ಬೇಕಾಗಿರುವುದು ಅದೊಂದೇ.

ಈಚಿನ ದೀರ್ಘ ಕ್ಯಾಂಪೇನಿಗಾಗಿ, ಅಂದರೆ ಹಲವು ಸೆಷನ್ನುಗಳಲ್ಲಿ ಸಾಗುವ ಒಂದೇ ಕತೆಗಾಗಿ, ನಾನು ಕಟ್ಟಿದ ಖಳ ಬೊಮ್ಮರಸನನ್ನೇ ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ನನ್ನ ಕಲ್ಪನೆಯ ಏಳುತೂಬು ಎಂಬ ಪಟ್ಟಣ ಒಂದು ದೊಡ್ಡ ಕೆರೆಯ ಕೆಳಗಿದೆ. ಕೋಟೆ, ಗೋಪುರ, ಹಿಮದ ಕಾಡುಗಳನ್ನು ಬಿಟ್ಟು ಕೆರೆಯನ್ನು ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಏರಿ, ತೂಬು, ಕೋಡಿ, ಅಚ್ಚುಕಟ್ಟು ಇವುಗಳ ವ್ಯವಹಾರ ನಮ್ಮ ಮೇಜಿನ ಸುತ್ತ ಕುಳಿತ ಅನೇಕರಿಗೆ ಅಜ್ಜನ ಊರಿನಿಂದ ಗೊತ್ತಿತ್ತು, ಮತ್ತು ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನಿರ್ಧರಿಸುವ ನೀರುಗಂಟಿಯ ಕೈಯಲ್ಲಿ ಯಾವ ಮಂತ್ರವಾದಿಗೂ ಇಲ್ಲದ ಅಧಿಕಾರವಿರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಬೊಮ್ಮರಸ ಅಂಥ ನೀರುಗಂಟಿಯ ಮಗ. ಹರೆಯದಲ್ಲಿ, ಬರಗಾಲದ ಮೂರನೆಯ ವರ್ಷ, ಪಟ್ಟಣದ ಕುಡಿಯುವ ನೀರು ಉಳಿಯಲೆಂದು ಮೇಲಿನವರ ಆಜ್ಞೆಯಂತೆ ಕೆಳಗಿನ ಊರಿನ ತೂಬನ್ನು ಮುಚ್ಚಿ, ಅದರ ಮೇಲೆ ಕಾವಲು ಕುಳಿತವನು. ಆ ಊರು ಬರಿದಾಯಿತು. ಸತ್ತವರನ್ನು ಎಣಿಸಿ ಪಟ್ಟಿ ಬರೆಯುವ ಕೆಲಸವೂ ಅವನದೇ ಆಯಿತು. ಬತ್ತಿದ ಕೆರೆಯ ಅಂಗಳದಲ್ಲಿ ಅವನಿಗೆ ಎದುರಾದ ಜಲಸತ್ವವೊಂದು ವರ್ಷಕ್ಕೆ ಒಂದು ಜೀವ ಕೊಟ್ಟರೆ ನೀರು ಎರಡನೆಯ ಮೆಟ್ಟಿಲಿಗಿಂತ ಕೆಳಗಿಳಿಯದಂತೆ ನೋಡಿಕೊಳ್ಳುತ್ತೇನೆ ಎಂದಿತು. ಕೆರೆಗೆ ಬಲಿಕೊಟ್ಟ ಕತೆಗಳು ನಮ್ಮ ಜನಪದದಲ್ಲಿ ಇರುವುದರಿಂದ ಈ ಒಪ್ಪಂದದ ಭಯ ಆಟಗಾರರಿಗೆ ಮೊದಲೇ ಪರಿಚಿತವಾಗಿತ್ತು. ಆಟ ಶುರುವಾಗುವ ಹೊತ್ತಿಗೆ ಬೊಮ್ಮರಸ ಪಟ್ಟಣದ ಒಡೆಯ. ಒಂದು ತಲೆಮಾರು ಬರ ಕಂಡಿಲ್ಲ. ಜನ ಅವನ ಹೆಸರನ್ನು ಮಕ್ಕಳಿಗೆ ಇಡುತ್ತಾರೆ.

ಅವನ ಪಾತ್ರದ ವಿವರ ಬರೆಯುವ ಹಾಳೆಯಲ್ಲಿ ಇದಕ್ಕಿಂತ ಹೆಚ್ಚಿನ ಗತಕಾಲವನ್ನು ನಾನು ಬರೆಯಲಿಲ್ಲ. ಉಳಿದ ಜಾಗವನ್ನೆಲ್ಲ ಮೂರು ಪ್ರಶ್ನೆಗಳಿಗೆ ಮೀಸಲಿಟ್ಟೆ: ಅವನಿಗೆ ಏನು ಬೇಕು, ಅದಕ್ಕಾಗಿ ತಾನು ಯಾವ ಬೆಲೆ ತೆರುತ್ತಿದ್ದೇನೆ ಎಂದು ಅವನು ನಂಬಿದ್ದಾನೆ, ನಾಯಕರು (ಆಟಗಾರರ ಪಾತ್ರಗಳು) ಈ ಊರಿಗೆ ಬಾರದೇ ಇದ್ದಿದ್ದರೆ ಅವನು ಏನು ಮಾಡುತ್ತಿದ್ದ. ಮೂರನೆಯ ಪ್ರಶ್ನೆಯೇ ನನ್ನ ಮಟ್ಟಿಗೆ ಮುಖ್ಯ. ನಾಯಕರ ದಾರಿಯಲ್ಲಿ ಅಡ್ಡ ನಿಲ್ಲುವುದನ್ನೇ ಉದ್ಯೋಗ ಮಾಡಿಕೊಂಡ ಖಳ ಅವರು ಕೋಣೆಯಿಂದ ಹೊರಗೆ ಹೋದ ಕ್ಷಣ ಸ್ತಬ್ಧನಾಗುತ್ತಾನೆ. ಬೊಮ್ಮರಸನಿಗೆ ಸುಗ್ಗಿಯೊಳಗೆ ಮುಂದಿನ ಬಲಿಯನ್ನು ಹುಡುಕಬೇಕು, ಏರಿಯ ಬಿರುಕು ಮುಚ್ಚಿಸಬೇಕು, ತನ್ನ ನಂತರ ತೂಬಿನ ಕೀಲಿ ಯಾರ ಕೈಗೆ ಎಂದು ತೀರ್ಮಾನಿಸಬೇಕು. ಜಾನ್ ಹಾರ್ಪರ್ ರಚಿಸಿದ ಬ್ಲೇಡ್ಸ್ ಇನ್ ದ ಡಾರ್ಕ್ ಎಂಬ 2017ರ ಆಟದಲ್ಲಿ ವೃತ್ತವೊಂದನ್ನು ನಾಲ್ಕು, ಆರು ಅಥವಾ ಎಂಟು ಹೋಳುಗಳಾಗಿ ಭಾಗಿಸಿ, ಘಟನೆ ಹತ್ತಿರವಾದಂತೆ ಒಂದೊಂದೇ ಹೋಳನ್ನು ತುಂಬುವ 'ಕ್ಲಾಕ್' ಎಂಬ ಸಾಧನವಿದೆ. ನಾನು ಅದನ್ನು ಎರವಲು ಪಡೆದು, ಬೊಮ್ಮರಸನ ಒಂದೊಂದು ಕೆಲಸಕ್ಕೂ ಒಂದು ವೃತ್ತ ಬರೆದೆ. ಆಟಗಾರರು ಬೇರೆಲ್ಲೋ ನಿಧಿ ಹುಡುಕುತ್ತ ಒಂದು ಸೆಷನ್ ಕಳೆದರೆ ಮನೆಗೆ ಮರಳಿ ಒಂದು ಹೋಳು ತುಂಬುತ್ತಿದ್ದೆ. ಅವರು ಊರಿಗೆ ವಾಪಸಾದಾಗ ಏರಿಯ ಮೇಲೆ ಹೊಸ ಕಲ್ಲುಗಳು ಕಾಣುತ್ತಿದ್ದವು, ಸೆರೆಮನೆಯಲ್ಲಿ ಒಬ್ಬ ಕಡಿಮೆಯಾಗಿರುತ್ತಿದ್ದ.

ಭೇಟಿಯ ವಿಷಯದಲ್ಲಿ ಮಾತ್ರ ನಾನು ತುಸು ಹಟಮಾರಿ. ಆಟಗಾರರು ಅನುಮಾನ ಬಂದ ಯಾರ ಮೇಲಾದರೂ ಕತ್ತಿ ಎತ್ತುವವರಾದ್ದರಿಂದ, ಖಳನನ್ನು ಮೊದಲು ಕತ್ತಿ ಎತ್ತಲಾಗದ ಜಾಗದಲ್ಲಿಯೇ ತೋರಿಸಬೇಕು. ಬೊಮ್ಮರಸ ಅವರಿಗೆ ಸಿಕ್ಕಿದ್ದು ಮದುವೆಯ ಪಂಕ್ತಿಯಲ್ಲಿ, ತಾನೇ ನಿಂತು ತುಪ್ಪ ಬಡಿಸುತ್ತ. ಅವರ ಮೊದಲ ಕೆಲಸವನ್ನು ಕೊಟ್ಟವನೂ ಅವನೇ: ಗಡಿಯ ಠಾಣೆಯಿಂದ ಕೈದಿಗಳನ್ನು ಸುರಕ್ಷಿತವಾಗಿ ಪಟ್ಟಣಕ್ಕೆ ಕರೆತರುವುದು. ಹಣ ನ್ಯಾಯವಾಗಿಯೇ ಕೊಟ್ಟ. ಆ ಕೈದಿಗಳು ಎಲ್ಲಿಗೆ ಹೋದರೆಂದು ಬಹಳ ಕಾಲದ ಮೇಲೆ ತಿಳಿದಾಗ ಮೇಜಿನ ಸುತ್ತ ನಡೆದ ಜಗಳ ನಾನು ನಡೆಸಿದ ಯಾವ ಕಾಳಗಕ್ಕಿಂತಲೂ ಉದ್ದವಾಗಿತ್ತು, ಅದರಲ್ಲಿ ನಾನು ಒಂದು ಮಾತೂ ಆಡಬೇಕಾಗಲಿಲ್ಲ.

ಇನ್ನು ಆಟಗಾರರ ಪಾತ್ರಗಳ ಹಿನ್ನೆಲೆ. ಹೊಸಬರು ಬರೆದು ತರುವ ಪಾತ್ರಗಳಲ್ಲಿ ಅನಾಥರೇ ಹೆಚ್ಚು: ಊರು ಸುಟ್ಟುಹೋಗಿದೆ, ತಂದೆತಾಯಿ ಇಲ್ಲ, ಗುರುವೂ ಸತ್ತಿದ್ದಾನೆ. ಇದಕ್ಕೆ ಕಾರಣ ಕಲ್ಪನೆಯ ಬಡತನವೆಂದು ನನಗೆ ಅನಿಸುವುದಿಲ್ಲ. ಬದುಕಿರುವ ತಂಗಿಯೊಬ್ಬಳನ್ನು ಬರೆದುಕೊಟ್ಟರೆ ಗೇಮ್ ಮಾಸ್ಟರ್ ಮೂರನೆಯ ಸೆಷನ್ನಿನಲ್ಲಿಯೇ ಅವಳನ್ನು ಅಪಹರಿಸುತ್ತಾನೆ ಎಂಬ ಅನುಭವಜನ್ಯ ವಿವೇಕ ಅದು. ಆದ್ದರಿಂದ ಆಟಕ್ಕೆ ಮುಂಚಿನ ಮಾತುಕತೆಯಾದ ಸೆಷನ್ ಜೀರೋದಲ್ಲಿ ಒಂದು ಮಾತು ಕೊಡುತ್ತೇನೆ: ನೀವು ಬರೆದ ಬಂಧುಗಳನ್ನು ನಿಮ್ಮನ್ನು ಕೇಳದೆ ಕೊಲ್ಲುವುದಿಲ್ಲ. ಆ ಬಳಿಕ ಒಂದೇ ಪುಟ ಕೇಳುತ್ತೇನೆ, ಏಕೆಂದರೆ ಮೊದಲ ಹಂತದ ವಿಝರ್ಡ್ (ಮಂತ್ರವಾದಿ) ಒಬ್ಬನನ್ನು ಎರಡು ಒಳ್ಳೆಯ ಏಟು ಮಲಗಿಸಿಬಿಡಬಲ್ಲವು; ಡ್ರ್ಯಾಗನ್ ಕೊಂದ ಇತಿಹಾಸ ಅವನಿಗೆ ಒಪ್ಪುವುದಿಲ್ಲ. ಆ ಪುಟದಲ್ಲಿ ಪಾತ್ರ ಯಾರಿಗೆ ಋಣಿ, ಯಾರು ಅದರ ಮೇಲೆ ಮುನಿಸಿಕೊಂಡಿದ್ದಾರೆ, ಸಂಗಾತಿಗಳಿಂದ ಅದು ಏನನ್ನು ಮುಚ್ಚಿಟ್ಟಿದೆ ಎಂಬುದಿದ್ದರೆ ಸಾಕು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 2014ರ ನಿಯಮಗಳಲ್ಲಿ ಪ್ರತಿ ಹಿನ್ನೆಲೆಯ ಜೊತೆಗೂ ಸ್ವಭಾವ, ಆದರ್ಶ, ಬಂಧ, ದೌರ್ಬಲ್ಯಗಳ ಪಟ್ಟಿಗಳಿದ್ದವು. 2024ರ ಪರಿಷ್ಕರಣೆಯಲ್ಲಿ ಹಿನ್ನೆಲೆಗಳ ಜೊತೆಗಿನ ಆ ಪಟ್ಟಿಗಳನ್ನು ಕೈಬಿಟ್ಟಿದ್ದಾರೆ. ನಾನಂತೂ ಬಂಧ ಮತ್ತು ದೌರ್ಬಲ್ಯಗಳನ್ನು ಹಳೆಯ ಪುಸ್ತಕದಿಂದಲೇ ಈಗಲೂ ಆರಿಸಿಕೊಳ್ಳಲು ಹೇಳುತ್ತೇನೆ.

ಈ ಪುಟಗಳು ಕೈಗೆ ಬರುವವರೆಗೆ ಖಳನ ಹಾಳೆಯನ್ನು ನಾನು ಪೂರ್ತಿ ಮಾಡುವುದಿಲ್ಲ. ಒಬ್ಬಳು ತನ್ನ ಕಳ್ಳಿಯ ಪಾತ್ರಕ್ಕೆ, ಅಜ್ಜಿಯೊಬ್ಬಳು ಸಾಕಿದಳು, ಅಜ್ಜಿ ತನ್ನ ಹುಟ್ಟೂರಿನ ಹೆಸರು ಹೇಳುವುದಿಲ್ಲ ಎಂದು ಬರೆದಿದ್ದಳು. ನಾನು ಆ ಅಜ್ಜಿಯನ್ನು ಕೆಳಗಿನ ಊರಿನಿಂದ ಪಾರಾಗಿ ಬಂದವಳನ್ನಾಗಿ ಮಾಡಿದೆ. ಇನ್ನೊಬ್ಬರ ಪಾತ್ರವಾದ ಪಾಲಡಿನ್ನನ (ಧರ್ಮಯೋಧನ) ಕುಟುಂಬದ ಗದ್ದೆ ಬೊಮ್ಮರಸನ ನೀರಿನಿಂದಲೇ ಹಸಿರಾಗಿತ್ತು. ಹೀಗೆ ಒಂದೇ ತೂಬು ಒಬ್ಬರ ಮನೆಗೆ ಸಾವಾಗಿಯೂ ಇನ್ನೊಬ್ಬರ ಮನೆಗೆ ಅನ್ನವಾಗಿಯೂ ಬಂದಾಗ, ಖಳನ ಪರವಾಗಿ ವಾದಿಸುವ ಕೆಲಸವನ್ನು ಆಟಗಾರರೇ ಹಂಚಿಕೊಂಡರು. ಬಲಿಯ ವಿಷಯ ಇರುವುದನ್ನು ಸೆಷನ್ ಜೀರೋದಲ್ಲಿಯೇ ತಿಳಿಸಿದ್ದೆ. ಮಕ್ಕಳನ್ನು ಬಲಿಯಾಗಿ ತರಬೇಡಿ, ಬಲಿಯನ್ನು ಕಣ್ಣೆದುರು ವರ್ಣಿಸಬೇಡಿ ಎಂದು ಒಬ್ಬರು ಕೇಳಿಕೊಂಡರು, ಹಾಗೆಯೇ ನಡೆಸಿದೆ. ಅದರಿಂದ ಕತೆಯ ಬಿಗಿ ಸಡಿಲವಾಗಲಿಲ್ಲ.

ಖಳನಿಗೆ ಘನತೆ ಕೊಡುವ ಪಾಠವನ್ನು ನಾನು ರನ್ನನಿಂದ ಕಲಿತೆ. ಗದಾಯುದ್ಧದ ದುರ್ಯೋಧನ ರಣರಂಗದಲ್ಲಿ ತನ್ನವರ ಶವಗಳ ನಡುವೆ ನಡೆಯುತ್ತ, ಶತ್ರುವಿನ ಮಗ ಅಭಿಮನ್ಯುವಿನ ಮುಂದೆ ನಿಂತು ಅವನ ಶೌರ್ಯವನ್ನು ಕೊಂಡಾಡುತ್ತಾನೆ; ಅದಾದ ಮೇಲೆ ಅವನನ್ನು ಬರೀ ದುಷ್ಟನೆಂದು ಓದುವುದು ಸಾಧ್ಯವಾಗುವುದಿಲ್ಲ. ಬೊಮ್ಮರಸನೂ ತನ್ನನ್ನು ಎದುರಿಸಿ ಸತ್ತ ಪಾಲಡಿನ್ನನ ಗುರುವಿಗೆ ಪಟ್ಟಣದ ಖರ್ಚಿನಲ್ಲಿ ಅಂತ್ಯಕ್ರಿಯೆ ಮಾಡಿಸಿ, ಬರಿಗಾಲಿನಲ್ಲಿ ಶವದ ಹಿಂದೆ ನಡೆದ. ಮಾತಿನಲ್ಲಿ ನಾನು ಇಟ್ಟುಕೊಂಡ ನಿಯಮ ಸಣ್ಣದು: ಅವನು ಕೈದಿಯನ್ನೂ ಬಹುವಚನದಲ್ಲಿಯೇ ಮಾತನಾಡಿಸುತ್ತಾನೆ, ದನಿ ಏರಿಸುವುದಿಲ್ಲ. ಅಟ್ಟಹಾಸವನ್ನು ಯಕ್ಷಗಾನದ ಬಣ್ಣದ ವೇಷಕ್ಕೆ ಬಿಟ್ಟುಕೊಡುವುದೇ ಮೇಲು. ಅಲ್ಲಿ ಅದಕ್ಕೆ ಚೆಂಡೆಯ ಬೆಂಬಲವಿದೆ, ಊಟದ ಮೇಜಿನ ಬಳಿ ಕುಳಿತ ನನಗಿಲ್ಲ.

ನಂಬಿಕೆಯನ್ನು ಕೆಡಿಸುವ ಇನ್ನೊಂದು ಸಂಗತಿ ಖಳನ ಸರ್ವಜ್ಞತ್ವ. ಆಟಗಾರರು ಮೇಜಿನ ಸುತ್ತ ಹಾಕುವ ಯೋಜನೆಯೆಲ್ಲ ನನ್ನ ಕಿವಿಗೆ ಬೀಳುತ್ತದೆ, ಬೊಮ್ಮರಸನ ಕಿವಿಗೆ ಬೀಳುವುದಿಲ್ಲ. ಅವನಿಗೆ ಯಾರು ಸುದ್ದಿ ತರುತ್ತಾರೆ, ಎಷ್ಟು ದಿನಕ್ಕೆ ತಲುಪುತ್ತದೆ ಎಂದು ಅವನ ಹಾಳೆಯಲ್ಲಿ ಬರೆದಿಟ್ಟು, ಆ ದಾರಿಯಲ್ಲಿ ಬಂದದ್ದನ್ನು ಮಾತ್ರ ಅವನಿಗೆ ತಿಳಿಸುತ್ತಿದ್ದೆ. ಸುದ್ದಿಗಾರ ಅಂಬಿಗನನ್ನು ಆಟಗಾರರು ಪತ್ತೆಹಚ್ಚಿ ತಮ್ಮ ಕಡೆ ಒಲಿಸಿಕೊಂಡಾಗ ಬೊಮ್ಮರಸ ನಿಜವಾಗಿಯೂ ಕುರುಡನಾದ, ಕೆರೆಯ ಬಳಿ ಕಾವಲಿಲ್ಲದೆ ಸಿಕ್ಕಿಬಿದ್ದ. ದಾಳಗಳನ್ನು ಎಲ್ಲರಿಗೂ ಕಾಣುವಂತೆ ಉರುಳಿಸಿದೆ. ಅವನನ್ನು ಉಳಿಸಲು ಯಾವ ಗುಪ್ತದ್ವಾರವನ್ನೂ ಆ ಗಳಿಗೆಯಲ್ಲಿ ಹುಟ್ಟಿಸಲಿಲ್ಲ.

ಅವನು ಸೋತ, ಆದರೆ ಕೆರೆಯೊಂದಿಗಿನ ಒಪ್ಪಂದ ಹಾಗೆಯೇ ಉಳಿದಿತ್ತು. ಕೀಲಿಯನ್ನು ಎಸೆದುಬಿಡಬೇಕೆಂದು ಪಾಲಡಿನ್ ವಾದಿಸಿದ. ಅಜ್ಜಿಯ ಊರನ್ನು ಕಳೆದುಕೊಂಡ ಕಳ್ಳಿಯೇ, ಸುಗ್ಗಿ ಮುಗಿಯುವವರೆಗೆ ತಾನು ಇಟ್ಟುಕೊಳ್ಳುತ್ತೇನೆ ಎಂದಳು. ಮುಂದಿನ ಕ್ಯಾಂಪೇನು ಹತ್ತು ವರ್ಷಗಳ ನಂತರ ನಡೆಯುತ್ತದೆ, ಆ ಆಟಗಾರ್ತಿ ಹೊಸ ಪಾತ್ರ ಮಾಡಿಕೊಳ್ಳುತ್ತಾಳೆ ಎಂದು ಒಪ್ಪಿಗೆಯಾಗಿದೆ. ಹಳೆಯ ಪಾತ್ರವನ್ನು ಅವಳು ನನಗೆ ಬಿಟ್ಟುಕೊಟ್ಟಿದ್ದಾಳೆ, ಖಳನಿಗೆ ನಾನು ಕೇಳಿಕೊಳ್ಳುವ ಆ ಮೂರು ಪ್ರಶ್ನೆಗಳಿಗೆ ತಾನೇ ಉತ್ತರ ಬರೆದುಕೊಡುವ ಷರತ್ತಿನ ಮೇಲೆ.