ಉಡುಪಿ ಕಡೆಯಿಂದ ಕೊಡಚಾದ್ರಿ: ಗುಹೆಯಾ, ಜಲಪಾತವಾ, ಮೊದಲು ತೀರ್ಮಾನ ಮಾಡಿ

ಕೊಡಚಾದ್ರಿಗೆ ಹೋಗಿ ಬಂದವರನ್ನು ಚಿತ್ರಮೂಲ ಗುಹೆ ನೋಡಿದ್ರಾ ಅಂತ ಕೇಳಿ. ತುಂಬಾ ಜನ ಇಲ್ಲ ಅನ್ನುತ್ತಾರೆ. ಕಾಲು ನೋವಿನಿಂದಲ್ಲ, ಜೀಪಿನಿಂದ. ಮೇಲೆ ಬಿಟ್ಟ ಜೀಪು ಸಾಮಾನ್ಯವಾಗಿ ಒಂದೂವರೆ, ಎರಡು ಗಂಟೆ ಕಾಯುತ್ತದೆ, ಅಷ್ಟರಲ್ಲಿ ಸರ್ವಜ್ಞ ಪೀಠಕ್ಕೆ ಹೋಗಿ ನಾಲ್ಕು ಫೋಟೋ ತೆಗೆದು ವಾಪಸ್ ಓಡಿ ಬರುವುದಕ್ಕೇ ಸರಿಹೋಗುತ್ತದೆ. ಬೆಟ್ಟದ ಎತ್ತರ 1343 ಮೀಟರ್. ಅದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಟೈಮ್ ಲೆಕ್ಕ ಹಾಕಿ.

ಚಿತ್ರಮೂಲ ಗುಹೆ, ಹಿಡ್ಲುಮನೆ ಜಲಪಾತ ಎರಡೂ ಒಂದೇ ದಿನ ಮುಗಿಸಿ ರಾತ್ರಿ ಊಟಕ್ಕೆ ಮಂಗಳೂರಿಗೆ ವಾಪಸ್ ಬರುತ್ತೇವೆ ಅನ್ನುವ ಪ್ಲಾನ್ ಬಿಟ್ಟುಬಿಡಿ. ಒಂದೇ ದಿನ ಇದ್ದರೆ ಗುಹೆ. ಎರಡು ದಿನ ಇದ್ದರೆ ಜಲಪಾತವನ್ನೂ ಸೇರಿಸಿ.

ಕೊಲ್ಲೂರು ತನಕ ಹೋಗುವುದು ಸುಲಭ. ಉಡುಪಿಯಿಂದ ಕುಂದಾಪುರ, ಹೆಮ್ಮಾಡಿ, ವಂಡ್ಸೆ ಮೇಲೆ ಬಸ್ಸಿದೆ. ಮಂಗಳೂರಿನಿಂದ ರೈಲಿನಲ್ಲಿ ಬರುವವರು ಮೂಕಾಂಬಿಕಾ ರೋಡ್ ಬೈಂದೂರು ಸ್ಟೇಷನ್‌ನಲ್ಲಿ ಇಳಿಯಬಹುದು. ಹಿಂದಿನ ರಾತ್ರಿಯೇ ಕೊಲ್ಲೂರಿಗೆ ಬಂದು ಮಲಗಿದರೆ ಬೆಳಿಗ್ಗೆ ಮೊದಲ ಜೀಪು ಸಿಗುತ್ತದೆ. ಜೀಪು ಹತ್ತುವ ಮೊದಲೇ ಡ್ರೈವರ್ ಹತ್ತಿರ ಮಾತಾಡಿ: "ಅಣ್ಣ, ನಾವು ಚಿತ್ರಮೂಲಕ್ಕೂ ಹೋಗ್ತೇವೆ, ಎಷ್ಟು ಹೊತ್ತು ನಿಲ್ತೀರಿ?" ಜಾಸ್ತಿ ದುಡ್ಡು ಕೇಳಿದರೆ ಕೊಡಿ, ಅಷ್ಟು ದೂರ ಹೋಗಿ ಗುಹೆ ಬಿಟ್ಟು ಬರುವುದಕ್ಕಿಂತ ಅದೇ ವಾಸಿ. ಜೀಪು ಬೇರೆ ಬೇರೆ ಗುಂಪಿನವರಿಂದ ತುಂಬಿದ್ದರೆ ಉಳಿದವರನ್ನೂ ಕೇಳಿ, ಇಲ್ಲದಿದ್ದರೆ ಮೇಲೆ ಹೋದ ಮೇಲೆ ಜಗಳ. ಕೊನೆಯ ಕೆಲವು ಕಿಲೋಮೀಟರ್ ರಸ್ತೆ ಅನ್ನುವ ಹಾಗಿಲ್ಲ, ಬರೀ ಕಲ್ಲು, ಹೊಂಡ. ಬೆನ್ನು ನೋವು ಇರುವವರು ಹಿಂದಿನ ಸೀಟಿಗೆ ಹೋಗಬೇಡಿ.

ಜೀಪು ನಿಲ್ಲುವುದು ಮೂಲ ಮೂಕಾಂಬಿಕೆಯ ಗುಡಿ ಹತ್ತಿರ. ಅಲ್ಲೊಂದು ಎತ್ತರದ ಕಬ್ಬಿಣದ ಕಂಬ ಇದೆ, ದೇವಿ ಮೂಕಾಸುರನನ್ನು ಕೊಂದ ತ್ರಿಶೂಲ ಅಂತ ಜನ ನಂಬುತ್ತಾರೆ. ಅಲ್ಲಿಂದ ಮುಂದೆ ನಡಿಗೆ. ದಾರಿಯಲ್ಲಿ ಸಣ್ಣ ಗಣಪತಿ ಗುಹೆ ಸಿಗುತ್ತದೆ, ಆಮೇಲೆ ಬೋಳು ಗುಡ್ಡದ ಏರು, ಕೊನೆಗೆ ಸರ್ವಜ್ಞ ಪೀಠ. ಶಂಕರಾಚಾರ್ಯರು ತಪಸ್ಸು ಮಾಡಿದ ಜಾಗ ಅಂತ ಪ್ರತೀತಿ ಇರುವ ಪುಟ್ಟ ಕಲ್ಲಿನ ಮಂಟಪ ಅದು. ಮೋಡ ಇಲ್ಲದಿದ್ದರೆ ಪಶ್ಚಿಮಕ್ಕೆ ನಮ್ಮ ಕರಾವಳಿ, ಸಮುದ್ರ ಎಲ್ಲ ಕಾಣುತ್ತದೆ. ಬಂಡೆಯ ಅಂಚು ಕಡಿದಾಗಿದೆ, ಗಾಳಿಯೂ ಜೋರು. ಮಂಜು ಬಂದರೆ ಅಂಚು ಎಲ್ಲಿ ಮುಗಿಯುತ್ತದೆ ಅಂತಲೇ ಗೊತ್ತಾಗುವುದಿಲ್ಲ, ಆಗ ಸುಮ್ನೆ ಕೂತುಬಿಡಿ, ಮಂಜು ಸರಿದ ಮೇಲೆ ಏಳಿ.

ಚಿತ್ರಮೂಲಕ್ಕೆ ಪೀಠದ ಹಿಂದಿನಿಂದ ಶೋಲಾ ಕಾಡಿನೊಳಗೆ (ಗುಡ್ಡದ ಮಡಿಲಿನ ದಟ್ಟ ಕಾಡು) ಇಳಿಯಬೇಕು. ಇಳಿಯುವಾಗ ಖುಷಿ, ಹತ್ತುವಾಗ ಉಸಿರು. ಬೇರು, ಒದ್ದೆ ಮಣ್ಣು, ಎಲೆಯ ಅಡಿಯಲ್ಲಿ ಜಾರುವ ಕಲ್ಲು. ಗುಹೆ ಇರುವುದು ಬಂಡೆಯ ಮೈಯಲ್ಲಿ, ಸ್ವಲ್ಪ ಎತ್ತರದಲ್ಲಿ. ಅಲ್ಲಿಗೆ ಹತ್ತುವಾಗ ಮೊಬೈಲ್ ಜೇಬಿನಲ್ಲಿರಲಿ, ಎರಡೂ ಕೈ ಖಾಲಿ ಇರಬೇಕು, ಒಬ್ಬರು ಹತ್ತಿ ನಿಂತ ಮೇಲೆಯೇ ಇನ್ನೊಬ್ಬರು ಹತ್ತಬೇಕು. ಹಿಂದಿನ ದಿನ ಮಳೆ ಬಂದಿದ್ದರೆ ಕೆಳಗಿನಿಂದಲೇ ಕೈ ಮುಗಿದು ಬನ್ನಿ. ಸಣ್ಣ ಮಕ್ಕಳಿಗೆ, ಮೊಣಕಾಲು ನೋವಿನವರಿಗೆ ಇದು ಬೇಡ, ಅವರು ಪೀಠದ ಹತ್ತಿರವೇ ಆರಾಮವಾಗಿ ಕೂರಲಿ. ಸೂರ್ಯಾಸ್ತ ನೋಡಿ ಆಮೇಲೆ ಗುಹೆಗೆ ಇಳಿಯುವ ಯೋಚನೆಯಂತೂ ಮಾಡಲೇಬೇಡಿ, ಕಾಡಿನೊಳಗೆ ಕತ್ತಲೆ ಬೇಗ ಆಗುತ್ತದೆ.

ಜಲಪಾತ ಅಂದರೆ ಹಿಡ್ಲುಮನೆ. ಇದು ನಿಟ್ಟೂರು ಕಡೆಯಿಂದ. ಹಂತ ಹಂತವಾಗಿ ಬೀಳುವ ನೀರಿನ ಪಕ್ಕದಲ್ಲೇ ಹತ್ತುತ್ತಾ ಹೋಗುವ ದಾರಿ. ನನ್ನ ಪ್ರಕಾರ ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಒಳ್ಳೆಯದು, ನೀರೂ ಇರುತ್ತದೆ, ಕಲ್ಲೂ ಸ್ವಲ್ಪ ಒಣಗಿರುತ್ತದೆ. ಮಾರ್ಚ್ ಹೊತ್ತಿಗೆ ನೀರು ಸಣ್ಣಗಾಗುತ್ತದೆ. ಜುಲೈನಲ್ಲಿ ನೋಡಲು ಭರ್ಜರಿ, ಆದರೆ ಆಗ ಹತ್ತಿರ ಹೋಗಬಾರದು. 2023ರ ಜುಲೈನಲ್ಲಿ ಕೊಲ್ಲೂರು ಹತ್ತಿರದ ಅರಿಶಿನಗುಂಡಿ ಜಲಪಾತದಲ್ಲಿ ಬಂಡೆ ಮೇಲೆ ನಿಂತಿದ್ದ ಯುವಕನೊಬ್ಬ ಜಾರಿ ಕೊಚ್ಚಿಹೋದ ವಿಡಿಯೋ ಎಲ್ಲರ ಮೊಬೈಲಿಗೂ ಬಂದಿತ್ತು, ಅಲ್ವಾ? ಅಲ್ಲಿದ್ದದ್ದು ಇದೇ ಪಾಚಿ, ಇದೇ ಮಳೆ.

ಇದೆಲ್ಲ ಮೂಕಾಂಬಿಕಾ ವನ್ಯಜೀವಿ ಧಾಮದ ಸುತ್ತಮುತ್ತಲ ಕಾಡು. ನಡೆದು ಹತ್ತುವವರು ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ವೆಬ್‌ಸೈಟ್‌ನಲ್ಲಿ ದಾರಿ ತೆರೆದಿದೆಯಾ ಅಂತ ಮೊದಲು ನೋಡಿ. ಜೋರು ಮಳೆಗೆ, ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸುವುದುಂಟು. ಬಿಯರ್ ಬಾಟಲಿ, ಪ್ಲಾಸ್ಟಿಕ್ ತಟ್ಟೆ ಒಯ್ಯುವವರ ಜೊತೆ ಹೋಗಬೇಡಿ, ಅಷ್ಟೇ.

ಬ್ಯಾಗಿಗೆ ನೀರು, ಟಾರ್ಚ್, ಒಂದು ಜೊತೆ ಸಾಕ್ಸ್ ಜಾಸ್ತಿ ಹಾಕಿ. ತಿನ್ನಲು ಹಿಂದಿನ ದಿನ ಮಾಡಿದ ಬನ್ಸ್ ಆದರೆ ಬೆಸ್ಟ್, ಹಾಳಾಗುವುದಿಲ್ಲ, ಚಟ್ನಿಯೂ ಬೇಕಿಲ್ಲ. ಮಳೆ ಬಿಟ್ಟ ಹೊಸತರಲ್ಲಿ ಇಂಬಳ (ಜಿಗಣೆ) ಇರುತ್ತದೆ. ಉಪ್ಪು ಅಥವಾ ಸುಣ್ಣ ಮುಟ್ಟಿಸಿದರೆ ತಾನಾಗಿ ಬಿಡುತ್ತದೆ. ಕಚ್ಚಿದ ಜಾಗದಲ್ಲಿ ರಕ್ತ ಸ್ವಲ್ಪ ಹೊತ್ತು ಸುರಿಯುತ್ತದೆ, ಯಾಕೆಂದರೆ ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇದೆ. ಗಾಬರಿ ಬೇಡ.

ಗಾಬರಿ ಆಗಬೇಕಾದ್ದು ಉಣ್ಣೆ ಹುಳಕ್ಕೆ, ಅಂದರೆ ಉಣುಗಿಗೆ. ಅದು ಕಚ್ಚಿದರೆ ಮಂಗನ ಕಾಯಿಲೆ ಬರಬಹುದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಕಾಯಿಲೆ ಕೊಡಚಾದ್ರಿ ಇರುವ ಶಿವಮೊಗ್ಗ ಜಿಲ್ಲೆಯ ಕಾಡುಗಳಲ್ಲಿ ಈಗಲೂ ಕಾಣಿಸುತ್ತದೆ, ಡಿಸೆಂಬರ್‌ನಿಂದ ಮೇ ತನಕ ಜಾಸ್ತಿ. ಉದ್ದ ಪ್ಯಾಂಟು ಹಾಕಿ ಸಾಕ್ಸ್ ಒಳಗೆ ತುರುಕಿ, ಎಲೆ ರಾಶಿ ಮೇಲೆ ಮಲಗಬೇಡಿ, ಸತ್ತ ಮಂಗ ಕಂಡರೆ ದೂರ ಹೋಗಿ ಅರಣ್ಯದವರಿಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿ. ಮನೆಗೆ ಬಂದ ಕೂಡಲೇ ಬಟ್ಟೆಯೆಲ್ಲ ಬಿಸಿ ನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಮುಂದಿನ ವಾರದಲ್ಲಿ ಜೋರು ಜ್ವರ, ತಲೆನೋವು ಬಂದರೆ ಡಾಕ್ಟರಿಗೆ ಕೊಡಚಾದ್ರಿ ಕಾಡಿಗೆ ಹೋಗಿದ್ದೆ ಅಂತ ತಪ್ಪದೆ ಹೇಳಿ.