ಫೈಲ್ ಅಳಿಸಿದರೂ ಡಿಸ್ಕ್‌ನಲ್ಲಿ ಜಾಗ ಆಗಲಿಲ್ಲ

ಲಿನಕ್ಸ್ ಸರ್ವರ್‌ನ ಡಿಸ್ಕ್ ಶೇ. 100 ತುಂಬಿತ್ತು. ದೊಡ್ಡ ಲಾಗ್ ಫೈಲ್ (ಪ್ರೋಗ್ರಾಂ ತನ್ನ ಕೆಲಸದ ದಾಖಲೆ ಬರೆಯುವ ಫೈಲ್) ಒಂದನ್ನು ಅಳಿಸಿದೆ. ಆದರೂ ಡಿಸ್ಕ್ ಎಷ್ಟು ತುಂಬಿದೆ ಎಂದು ಹೇಳುವ ಡಿಎಫ್ (df) ಕಮಾಂಡ್ ಅದೇ 100 ತೋರಿಸುತ್ತಿತ್ತು. ಫೈಲುಗಳು ಹಿಡಿದ ಜಾಗವನ್ನು ಕೂಡಿಸಿ ಹೇಳುವ ಡಿಯು (du) ಕಮಾಂಡಿನ ಲೆಕ್ಕ ಮಾತ್ರ ತುಂಬಾ ಕಡಿಮೆ ಬಂತು. ಸುಳಿವು ಸಿಕ್ಕಿದ್ದು ಇಲ್ಲೇ. ಫೈಲಿನ ಹೆಸರು ಹೋದರೂ, ಅದನ್ನು ತೆರೆದಿಟ್ಟುಕೊಂಡ ಪ್ರೋಗ್ರಾಂ ಇನ್ನೂ ಓಡುತ್ತಿದ್ದರೆ ಜಾಗ ಬಿಡುಗಡೆ ಆಗುವುದಿಲ್ಲ. ಡಿಯು ಹೆಸರಿರುವ ಫೈಲುಗಳನ್ನಷ್ಟೇ ಎಣಿಸುತ್ತದೆ ಅಲ್ವಾ, ಹಾಗಾಗಿ ಇದು ಅದರ ಲೆಕ್ಕಕ್ಕೆ ಬರಲಿಲ್ಲ.

ಎಲ್‌ಎಸ್‌ಓಎಫ್ (lsof, ತೆರೆದಿರುವ ಫೈಲುಗಳ ಪಟ್ಟಿ ಕೊಡುವ) ಕಮಾಂಡನ್ನು, ಅಳಿಸಿದರೂ ತೆರೆದೇ ಇರುವ ಫೈಲುಗಳನ್ನು ತೋರಿಸುವ ಪ್ಲಸ್ ಎಲ್ 1 (+L1) ಆಯ್ಕೆ ಕೊಟ್ಟು ಓಡಿಸಿದೆ. ಅಳಿಸಿದ ಫೈಲನ್ನು ಹಿಡಿದಿದ್ದ ಸರ್ವಿಸ್ ಯಾವುದೆಂದು ಗೊತ್ತಾಯಿತು. ಅದನ್ನು ರೀಸ್ಟಾರ್ಟ್ ಮಾಡಿದ ಕೂಡಲೇ ಜಾಗ ವಾಪಸ್ ಬಂತು. ಸುಮ್ನೆ ಇಡೀ ಸರ್ವರ್ ರೀಬೂಟ್ ಮಾಡುವ ಅಗತ್ಯವೇ ಇರಲಿಲ್ಲ. ಈಗ ಬಳಕೆಯಲ್ಲಿರುವ ಲಾಗನ್ನು ನಾನು ಅಳಿಸುವುದಿಲ್ಲ, ಟ್ರಂಕೇಟ್ ಕಮಾಂಡ್‌ನಿಂದ ಸೊನ್ನೆಗೆ ಇಳಿಸುತ್ತೇನೆ.